ಕೆಟ್ಟಾಗ ಜಾಂಗೋ ಹೇಗೆ ನಡೆದುಕೊಳ್ಳುತ್ತದೆ: ಒಂದು ಸೊಸೈಟಿಯ ವೆಬ್‌ಸೈಟ್‌ನಿಂದ

ಶಿರಸಿ ಕಡೆಯ ಒಂದು ಪತ್ತಿನ ಸಹಕಾರಿ ಸಂಘದ ವೆಬ್‌ಸೈಟನ್ನು ನಾಲ್ಕು ವರ್ಷದಿಂದ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಸದಸ್ಯರ ನೋಂದಣಿ, ಸಾಲದ ಕಂತು, ರಸೀದಿ ಎಲ್ಲವೂ ಜಾಂಗೋ ಮೇಲೆ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಇರುವ ಸಿದ್ಧ ಚೌಕಟ್ಟಿನ ಮೇಲೆ, ನಡೆಯುತ್ತದೆ. ಜಾಂಗೋದಲ್ಲಿ ಸೈಟ್ ಕಟ್ಟುವುದು ಸುಲಭ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಕಟ್ಟಿದ್ದು ಕೈಕೊಟ್ಟಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟೇ ನನ್ನ ವಿಷಯ, ಯಾಕೆಂದರೆ ಆಗ ಫೋನ್ ಬರುವುದು ನನಗೆ.

ಕಳೆದ ಮಳೆಗಾಲದಲ್ಲಿ ಕಾರ್ಯದರ್ಶಿಯವರು ಫೋನ್ ಮಾಡಿದರು. "ಮೇಡಂ, ಹಿರಿಯರೊಬ್ಬರು ನೋಂದಣಿಗೆ ಬಂದು ಕೂತಿದ್ದಾರೆ. ಬಟನ್ ಒತ್ತಿದರೆ ಏನೋ ಇಂಗ್ಲಿಷ್ ಬರ್ತದೆ. ಮತ್ತೆ ಒತ್ತಿದರೆ ಈ ನಂಬರ್ ಆಗಲೇ ಇದೆ ಹೇಳ್ತದೆ." ಅವರು ಮಾತು ಮುಗಿಸುವಷ್ಟರಲ್ಲಿ ಜಾಂಗೋ ಕಳಿಸಿದ ಮೇಲ್ ನನ್ನ ಮುಂದಿತ್ತು. ಸೆಟ್ಟಿಂಗ್ಸ್‌ನ 'ಅಡ್ಮಿನ್ಸ್' ಪಟ್ಟಿಯಲ್ಲಿ ಹೆಸರಿದ್ದವರಿಗೆ '500' ಎಂಬ ಎರರ್, ಅಂದರೆ ಸರ್ವರ್ ಒಳಗೇ ಏನೋ ಕೆಟ್ಟದ್ದು, ಬಂದಾಗಲೆಲ್ಲ ಹೀಗೊಂದು ಮೇಲ್ ಬರುತ್ತದೆ. ಕೋಡ್ ಯಾವ ಸಾಲುಗಳನ್ನು ದಾಟಿ ಕೆಟ್ಟಿತೆಂದು ತೋರಿಸುವ ಟ್ರೇಸ್‌ಬ್ಯಾಕ್‌ನ ಕೊನೆಯಲ್ಲಿ ಕೀಎರರ್. ನೋಂದಣಿಯಾದವರಿಗೆ ಎಸ್‌ಎಂಎಸ್ ತಲುಪಿಸುವ ಹೊರಗಿನ ಸೇವೆ, ಅಂದರೆ ಗೇಟ್‌ವೇ, ಕೊಟ್ಟ ಉತ್ತರದಲ್ಲಿ ನಾನು ಹುಡುಕಿದ ಮೆಸೇಜ್ ಐಡಿಯೇ ಇರಲಿಲ್ಲ. ಕೆಳಗೆ, ಫಾರ್ಮ್‌ನಲ್ಲಿ ತುಂಬಿದ ವಿವರಗಳಲ್ಲಿ ಮೊಬೈಲ್ ನಂಬರ್ ಕಣ್ಣಿಗೆ ಬಿತ್ತು: ಹತ್ತೂ ಅಂಕಿ ಕನ್ನಡದವು.

ನಂಬರ್ ಪರೀಕ್ಷಿಸುವ ರೆಗೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಹೇಳುವ ಸೂತ್ರ) ನಾನು ಬ್ಯಾಕ್‌ಸ್ಲ್ಯಾಶ್-ಡಿ, ಅಂದರೆ 'ಯಾವುದೇ ಅಂಕಿ', ಎಂದು ಬರೆದಿದ್ದೆ. ಪೈಥಾನ್ 3ಕ್ಕೆ 9 ಹೇಗೆ ಅಂಕಿಯೋ ೯ ಕೂಡ ಹಾಗೆಯೇ. ಪರೀಕ್ಷೆ ಪಾಸಾಯಿತು, ಗೇಟ್‌ವೇಗೆ ಅರ್ಥವಾಗಲಿಲ್ಲ. ಆ ಹಿರಿಯರದ್ದು ಎಳ್ಳಷ್ಟೂ ತಪ್ಪಿಲ್ಲ. ತಮ್ಮ ಭಾಷೆಯ ಕೀಬೋರ್ಡಿನಲ್ಲಿ ತಮ್ಮ ನಂಬರ್ ಒತ್ತಿದ್ದರು. ಆದ್ದರಿಂದ ಕನ್ನಡ ಅಂಕಿಯನ್ನು ತಿರಸ್ಕರಿಸದೆ, ಉಳಿಸುವ ಮೊದಲು ಬದಲಿಸಿಕೊಳ್ಳುವಂತೆ ಮಾಡಿದೆ. ಆ ಮೇಲ್ ಇಲ್ಲದಿದ್ದರೆ ಇದನ್ನು ಹುಡುಕಲು ನನಗೆ ದಿನಗಟ್ಟಲೆ ಬೇಕಾಗುತ್ತಿತ್ತು. ಜಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಊರಿನ ಪತ್ರಿಕೆಯೊಂದರ ಕಚೇರಿಯಲ್ಲಿ, 2003ರಲ್ಲಿ. ಹೊರಗಿನವರ ಕೈಗೆ ಸಿಕ್ಕಿದ್ದು 2005ರಲ್ಲಿ. ಗಡುವಿನೊಳಗೆ ಕೆಲಸ ಮುಗಿಸಬೇಕಾದ ಕೆಲವೇ ಜನ ಕಟ್ಟಿದ್ದು ಎನ್ನುವುದು ಈ ಮೇಲ್ ವ್ಯವಸ್ಥೆಯಲ್ಲಿ ಕಾಣುತ್ತದೆ. ತಿಂಗಳ ಬಾಡಿಗೆಯ ಸೇವೆ ಯಾವುದೂ ಬೇಡ, ಒಬ್ಬಳೇ ಇದ್ದರೂ ಸಾಗುತ್ತದೆ.

ಇನ್ನು "ಆಗಲೇ ಇದೆ" ಎಂಬ ಮಾತು. ಜಾಂಗೋ ತಾನಾಗಿ ಇರುವಂತೆ ಬಿಟ್ಟರೆ, ಡೇಟಾಬೇಸ್‌ಗೆ ಬರೆದ ಪ್ರತಿ ಸಾಲೂ ಆಗಿಂದಾಗಲೇ ಕಮಿಟ್ ಆಗುತ್ತದೆ, ಅಂದರೆ ಕಾಯಂ ಆಗಿ ಉಳಿಯುತ್ತದೆ. ಸದಸ್ಯರ ಹೆಸರು ದಾಖಲಾಗಿತ್ತು, ಆಮೇಲೆ ಎಸ್‌ಎಂಎಸ್ ಕೆಟ್ಟಿತ್ತು, ಪರದೆ ಮೇಲೆ ಮಾತ್ರ ಎಲ್ಲವೂ ಹಾಳಾಯಿತು ಎಂಬಂತೆ ಕಂಡಿತ್ತು. ಇದೇ ಕಂತು ಕಟ್ಟುವ ಪುಟದಲ್ಲಿ ಆಗಿದ್ದರೆ? 'ಅಟಾಮಿಕ್ ರಿಕ್ವೆಸ್ಟ್ಸ್' ಎಂಬ ಸೆಟ್ಟಿಂಗ್ ಹಾಕಿದರೆ ಎರರ್ ಬಂದ ತಕ್ಷಣ ಆ ವ್ಯೂನಲ್ಲಿ (ಒಂದು ಪುಟದ ಕೋರಿಕೆಯನ್ನು ನಿಭಾಯಿಸುವ ಕೋಡ್) ಬರೆದದ್ದೆಲ್ಲ ವಾಪಸಾಗುತ್ತದೆ. ವೇಗ ಸ್ವಲ್ಪ ತಗ್ಗುತ್ತದೆಂದು ಜಾಂಗೋದವರು ಅದನ್ನು ಆಫ್ ಇಟ್ಟಿದ್ದಾರೆ. ಹಣ ಮುಟ್ಟುವ ಸೈಟಿಗೆ ಅದು ಆನ್ ಇರಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಸ್‌ಎಂಎಸ್ ಕಳಿಸುವುದನ್ನು 'ಆನ್ ಕಮಿಟ್'ಗೆ ಹಾಕಿದೆ, ಅಂದರೆ ದಾಖಲೆ ಗಟ್ಟಿಯಾದ ಮೇಲಷ್ಟೇ ಅದು ಹೊರಡುತ್ತದೆ. ಜಾಂಗೋ 4.2 ಆವೃತ್ತಿಯಲ್ಲಿ ಬಂದ 'ರೋಬಸ್ಟ್' ಆಯ್ಕೆ ಸೇರಿಸಿದ್ದರಿಂದ ಎಸ್‌ಎಂಎಸ್ ಕೆಟ್ಟರೂ ಸದಸ್ಯರಿಗೆ ಎರರ್ ಪುಟ ಕಾಣುವುದಿಲ್ಲ, ನನಗೆ ಮೇಲ್ ಮಾತ್ರ ಬರುತ್ತದೆ. ಬಹಳ ಒಳ್ಳೆಯ ಕೆಲಸ ಮಾಡಿದ್ದಾರೆ.

ಡೀಬಗ್ ಎಂಬ, ತಪ್ಪು ಹುಡುಕಲು ಇರುವ ಸೆಟ್ಟಿಂಗ್ ಆನ್ ಇದ್ದಾಗ ಬರುವ ಎರರ್ ಪುಟಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಪ್ರತಿ ಹಂತದಲ್ಲೂ ಯಾವ ವೇರಿಯಬಲ್‌ನಲ್ಲಿ ಏನಿತ್ತು ಎಂದು ಬಿಡಿಸಿ ತೋರಿಸುತ್ತದೆ. ಆದರೆ ಅದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಬೇಕಾದದ್ದು. ನನಗಿಂತ ಮೊದಲು ಈ ಸೈಟ್ ಕಟ್ಟಿಕೊಟ್ಟವರು ಸರ್ವರ್‌ನಲ್ಲೂ ಅದನ್ನು ಆನ್ ಬಿಟ್ಟು ಹೋಗಿದ್ದರು. ಇಲ್ಲದ ವಿಳಾಸವೊಂದನ್ನು ಹೊಡೆದರೆ ಸಾಕು, 'ಪುಟ ಸಿಗಲಿಲ್ಲ' ಎನ್ನುವ 404ರ ಪುಟ ಒಳಗಿನ ಯುಆರ್‌ಎಲ್ ಮಾದರಿಗಳನ್ನೆಲ್ಲ ಸಾಲಾಗಿ ತೋರಿಸುತ್ತಿತ್ತು. ಹೆಸರಲ್ಲಿ ಕೀ, ಪಾಸ್, ಸೀಕ್ರೆಟ್, ಟೋಕನ್ ಎಂದಿರುವ ಸೆಟ್ಟಿಂಗ್‌ಗಳನ್ನು ಜಾಂಗೋ ನಕ್ಷತ್ರ ಹಾಕಿ ಮುಚ್ಚುತ್ತದೆ ನಿಜ, ಬೇರೆ ಹೆಸರಿಟ್ಟ ಗುಟ್ಟು ಅದಕ್ಕೆ ತಿಳಿಯುವುದಿಲ್ಲ. ಮೇಲ್‌ಗೂ ಇದೇ ಎಚ್ಚರ ಬೇಕು: ಫಾರ್ಮ್‌ನ ಗುಟ್ಟಿನ ವಿವರ ಮುಚ್ಚಲು ವ್ಯೂ ತಲೆಯ ಮೇಲೆ ಬರೆಯುವ 'ಸೆನ್ಸಿಟಿವ್ ಪೋಸ್ಟ್ ಪ್ಯಾರಾಮೀಟರ್ಸ್' ಎಂಬ ಡೆಕೊರೇಟರ್ ಹಾಕದಿದ್ದರೆ ಸದಸ್ಯರ ಆಧಾರ್ ಸಂಖ್ಯೆ ಹಾಗೆಯೇ ನನ್ನ ಇನ್‌ಬಾಕ್ಸ್‌ಗೆ ಬಂದು ಬೀಳುತ್ತದೆ. ಆಧಾರ್ ತುಂಬಿಸಿಕೊಳ್ಳುವ ಪ್ರತಿ ವ್ಯೂಗೂ ಅದನ್ನು ಹಾಕಿ, ಹಳೆಯ ಮೇಲ್‌ಗಳನ್ನು ಅಳಿಸಿದೆ.

ಬೇಸರ ತರಿಸುವ ಸಂಗತಿಗಳೂ ಇವೆ. ಭಾಷೆ ಕನ್ನಡ ಎಂದು ಸೆಟ್ ಮಾಡಿದರೂ ಮೂಲ 500 ಪುಟ ಇಂಗ್ಲಿಷಿನ 'ಸರ್ವರ್ ಎರರ್' ಎಂದೇ ಹೇಳುತ್ತದೆ. ನಮ್ಮದೇ 500 ಟೆಂಪ್ಲೇಟ್ (ಪುಟದ ಅಚ್ಚು) ಇಡಬಹುದು, ಆದರೆ ಜಾಂಗೋ ಅದಕ್ಕೆ ಯಾವ ಮಾಹಿತಿಯನ್ನೂ ಕೊಡುವುದಿಲ್ಲ. ಎರರ್ ಪುಟವೇ ಮತ್ತೆ ಎರರ್ ಆಗಬಾರದು ಎಂಬ ಉದ್ದೇಶ, ಸರಿಯಾದದ್ದೇ. ಹಾಗಾಗಿ ಎಲ್ಲ ಪುಟಗಳಿಗೂ ಆಧಾರವಾದ ಸೈಟಿನ ಬೇಸ್ ಟೆಂಪ್ಲೇಟನ್ನು ನೆಚ್ಚದೆ ಒಂಟಿ ಪುಟವಾಗಿ ಬರೆಯಿರಿ. ಮೇಲ್ ಕಳಿಸುವವರ ವಿಳಾಸ ಮೊದಲಿಗೆ 'ರೂಟ್ ಅಟ್ ಲೋಕಲ್‌ಹೋಸ್ಟ್' ಎಂದಿರುತ್ತದೆ. ಎಷ್ಟೋ ಮೇಲ್ ಸರ್ವರ್‌ಗಳು ಅದನ್ನು ಒಪ್ಪುವುದಿಲ್ಲ, ನಾವು ಮೇಲ್ ಬರಲಿಲ್ಲವೆಂದು ನಿಶ್ಚಿಂತೆಯಿಂದ ಇರುತ್ತೇವೆ. ಒಂದೇ ಎರರ್ ನೂರು ಸಲ ಬಂದರೆ ನೂರು ಮೇಲ್ ಬರುತ್ತದೆ, ತಡೆ ಎಂಬುದಿಲ್ಲ. ಒಂದು ರಾತ್ರಿ ಡೇಟಾಬೇಸ್ ನಿಂತುಹೋಗಿ, ಬೆಳಗ್ಗೆ ನೋಡಿದರೆ 400ಕ್ಕೂ ಹೆಚ್ಚು ಮೇಲ್ ಬಂದಿದ್ದವು. ಕಾರಣ ಬರೆದಿದ್ದುದು ಎಲ್ಲದರಲ್ಲೂ ಒಂದೇ.

ಜಾಂಗೋಗೆ ನನ್ನಿಂದ ಐದರಲ್ಲಿ ನಾಲ್ಕು ನಕ್ಷತ್ರ. ಸೊಸೈಟಿಯ 500 ಪುಟದಲ್ಲಿ ಈಗ ಇಷ್ಟೇ ಇದೆ: "ತಪ್ಪು ನಮ್ಮ ಕಡೆಯದು. ನೀವು ಈಗ ತುಂಬಿದ್ದು ದಾಖಲಾಗಿಲ್ಲ. ದಯವಿಟ್ಟು ಕಚೇರಿಗೆ ಫೋನ್ ಮಾಡಿ." ಎರಡನೆಯ ವಾಕ್ಯವನ್ನು ಬರೆದದ್ದು ಅಟಾಮಿಕ್ ಹಾಕಿದ ಮೇಲೆಯೇ.