ಹಳೆಯ ಷೆವ್ರೊಲೆ ಪಿಕಪ್‌ಗೆ ಹೊಸ ಕ್ಯಾಮ್‌ಶಾಫ್ಟ್

ಟೆಕ್ಸಾಸ್‌ನಲ್ಲಿ ನಾನು ಓಡಿಸುವ 1990ರ ಷೆವ್ರೊಲೆ ಪಿಕಪ್‌ನ 5.7 ಲೀಟರ್ ವಿ8 ಎಂಜಿನ್‌ಗೆ, 0.050 ಇಂಚು ಲಿಫ್ಟ್‌ನಲ್ಲಿ (ಏರಿಕೆಯಲ್ಲಿ) ಅಳೆದರೆ 204 ಮತ್ತು 214 ಡಿಗ್ರಿ ಡ್ಯುರೇಶನ್ (ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ತೆರೆದಿರುವ ಅವಧಿ), 112 ಡಿಗ್ರಿ ಲೋಬ್ ಅಂತರ (ಆ ಎರಡನ್ನು ತೆರೆಯುವ ಉಬ್ಬುಗಳ ನಡುವಿನ ಕೋನ) ಇರುವ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ, ಹಾಕಿಸಿ ಒಂದು ವರ್ಷವಾಯಿತು. ಇಷ್ಟು ಸಾಧುವಾದದ್ದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಈ ಗಾಡಿಯ ಇಂಧನ ಸಿಂಪಡಿಸುವ ವ್ಯವಸ್ಥೆಯಾದ ಥ್ರಾಟಲ್ ಬಾಡಿ ಇಂಜೆಕ್ಷನ್ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆಗಳ) ಒತ್ತಡ ಮತ್ತು ಎಂಜಿನ್ ವೇಗದಿಂದ ಇಂಧನವನ್ನು ಲೆಕ್ಕ ಹಾಕುತ್ತದೆ. ಎರಡೂ ವಾಲ್ವ್‌ಗಳನ್ನು ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುವ ದೊಡ್ಡ ಕ್ಯಾಮ್ ಹಾಕಿದರೆ ಮ್ಯಾನಿಫೋಲ್ಡ್‌ನ ನಿರ್ವಾತ ಕುಸಿದು, ಗಾಡಿ ನಿಂತಲ್ಲೇ ಇದ್ದರೂ ಏರು ಹತ್ತುತ್ತಿದೆಯೆಂದು ಭ್ರಮಿಸುವ ಕಂಪ್ಯೂಟರ್ ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ.

ನನ್ನದರಲ್ಲಿ ಆ ಕಾಟವಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಲೋಟದ ಕಾಫಿ ತುಳುಕುವುದಿಲ್ಲ. ಟ್ರೇಲರ್ ಎಳೆಯುವಾಗ ಮೊದಲಿಗಿಂತ ಕಡಿಮೆ ಸಲ ಗೇರ್ ಇಳಿಸುತ್ತೇನೆ. 4,000 ಆರ್‌ಪಿಎಂ ದಾಟಿದ ಮೇಲೆ ಮಾತ್ರ ಹೆಚ್ಚೇನೂ ಸಿಗದು, ಏಕೆಂದರೆ ಅಲ್ಲಿ ಉಸಿರು ಕಟ್ಟಿಸುವುದು ಗಾಳಿ ಹಾದುಹೋಗುವ ಸಿಲಿಂಡರ್ ಹೆಡ್.

ಇದು ರೋಲರ್ ಅಲ್ಲ, ಫ್ಲಾಟ್ ಟ್ಯಾಪೆಟ್ ಕ್ಯಾಮ್; ಅಂದರೆ ಇದರ ಉಬ್ಬುಗಳ ಮೇಲೆ ಲಿಫ್ಟರ್‌ಗಳು (ವಾಲ್ವ್ ಎತ್ತುವ ಬಿಡಿಭಾಗಗಳು) ಉರುಳದೆ ಉಜ್ಜುತ್ತಲೇ ಚಲಿಸುತ್ತವೆ. ಆದ್ದರಿಂದ ಸತುವಿನ ಅಂಶ ಹೆಚ್ಚಿರುವ ಆಯಿಲ್ ಹಾಕಿ, ಮೊದಲ ಸಲ ಸ್ಟಾರ್ಟ್ ಆದೊಡನೆ 20 ನಿಮಿಷ 2,000 ಆರ್‌ಪಿಎಂ ಆಸುಪಾಸಿನಲ್ಲಿಯೇ ಓಡಿಸಬೇಕು. ಹಳೆಯ ಲಿಫ್ಟರ್‌ಗಳೇ ಸಾಕೆಂದು ಮೆಕ್ಯಾನಿಕ್ ಹೇಳಿದರು; ನಾನು ಒಪ್ಪದೆ ಹದಿನಾರನ್ನೂ ಹೊಸದಾಗಿ ತರಿಸಿದೆ.