ಸುರತ್ಕಲ್–ಕೋಲಾಡ್ ರೋ-ರೋ: ರೈಲಿನ ಮೇಲೆ ಲಾರಿ ಹಾಕುತ್ತಾ 15 ವರ್ಷ

ಲೋಡಾದ ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ಈ ರೋ-ರೋ (ರೋಲ್ ಆನ್ ರೋಲ್ ಆಫ್) ಸೇವೆಯನ್ನು ನಾನು ಬಳಸಲು ಶುರು ಮಾಡಿದ್ದು 2010ರಲ್ಲಿ. ಆಗ ಇದ್ದದ್ದು ಒಂದೇ ಗಾಡಿ, ಅದೂ ಸಾಲದ್ದು. ಈಗ ಮೂರಿವೆ. ಎರಡು ಹತ್ತು ಚಕ್ರದವು, ಒಂದು ಹನ್ನೆರಡು ಚಕ್ರದ್ದು. ಮಂಗಳೂರಿನ ಬೈಕಂಪಾಡಿಯಿಂದ ಮುಂಬೈ ಕಡೆಗೆ ಹಂಚು, ಗೇರುಬೀಜ, ತೆಂಗಿನ ನಾರು, ಹೀಗೆ ಸಿಕ್ಕಿದ ಲೋಡು. ವಾಪಸ್ ಬರುವಾಗ ಮುಂಬೈ ಹತ್ತಿರದ ಭಿವಂಡಿಯಿಂದ ಯಂತ್ರದ ಭಾಗಗಳು, ಕೆಲವೊಮ್ಮೆ ನಾಸಿಕ್ ಈರುಳ್ಳಿ. ಹೊಸದಾಗಿ ಗಾಡಿ ತೆಗೆದುಕೊಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ರೈಲಿಗೆ ಹಾಕಿದ್ರೆ ಲಾಭ ಉಂಟಾ ಮಾರಾಯ್ರೆ?" ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಕೊಂಕಣ ರೈಲ್ವೆ ಇದನ್ನು 1999ರ ಜನವರಿಯಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ಮಧ್ಯೆ ಶುರು ಮಾಡಿತು. ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತು. ಲೋಡಾದ ಲಾರಿ ತಾನೇ ಓಡಿಕೊಂಡು ಹೋಗಿ ಚಪ್ಪಟೆ ವ್ಯಾಗನ್ ಮೇಲೆ ನಿಲ್ಲುತ್ತದೆ. ಡ್ರೈವರ್, ಕ್ಲೀನರ್ ಕ್ಯಾಬಿನ್‌ನಲ್ಲೇ ಇರುತ್ತಾರೆ. ಸುಮಾರು 720 ಕಿ.ಮೀ. ದೂರ ಹೋಗಿ ಲಾರಿ ಇಳಿದು ಮತ್ತೆ ರಸ್ತೆ ಹಿಡಿಯುತ್ತದೆ. ಸರಕು ಇಳಿಸಿ ಹತ್ತಿಸುವ ಗೋಜಿಲ್ಲ. ಇ-ವೇ ಬಿಲ್‌ನಲ್ಲೂ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಗಾಡಿ ನಂಬರ್ ಬದಲಾಯಿಸಬೇಕಾಗಿಲ್ಲ, ಯಾಕೆಂದರೆ ಗಾಡಿ ಅದೇ ಅಲ್ವಾ. ಕಂಟೇನರ್ ರೈಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ನನ್ನಂಥ ಮೂರು ಗಾಡಿಯ ಮಾಲೀಕ ಕಂಟೇನರ್ ಡಿಪೋ ಬಾಗಿಲಿಗೆ ಹೋಗಿ ಏನು ಮಾಡಬೇಕು?

ಈಗ ಲಾಭದ ಲೆಕ್ಕ. ಬಹಳ ಜನ ಡೀಸೆಲ್ ಒಂದನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ಲೋಡಾದ ಹತ್ತು ಚಕ್ರದ ಗಾಡಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 720 ಕಿ.ಮೀ.ಗೆ 180 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 16,200. ಇದನ್ನು ರೈಲಿನ ಬಾಡಿಗೆಯ ಪಕ್ಕ ಇಟ್ಟು ನೋಡಿದರೆ ಮುಖ ಚಪ್ಪೆಯಾಗುತ್ತದೆ. ರೈಲಿನ ದರ ಗಾಡಿಯ ಒಟ್ಟು ತೂಕ ಯಾವ ಸ್ಲ್ಯಾಬ್‌ಗೆ (ತೂಕದ ಹಂತಕ್ಕೆ) ಬರುತ್ತದೆ ಅನ್ನುವುದರ ಮೇಲೆ ನಿಲ್ಲುತ್ತದೆ. 2018ರಲ್ಲಿ ಮೂರು ಆಕ್ಸಲ್, ಅಂದರೆ ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5ಕ್ಕೆ ಏರಿಸಿದರು. ನಾವು ಅಷ್ಟೂ ತುಂಬಲು ಶುರು ಮಾಡಿದೆವು, ಸ್ಲ್ಯಾಬ್ ಕೂಡ ಮೇಲಕ್ಕೆ ಹೋಯಿತು. ಡೀಸೆಲ್ ಲೆಕ್ಕ ಒಂದರಲ್ಲೇ ಹೇಳುವುದಾದರೆ ನನಗೆ ಇದು ಯಾವತ್ತೂ ದೊಡ್ಡ ಲಾಭ ತಂದಿಲ್ಲ.

ಮತ್ತೆ ಯಾಕೆ ಹಾಕುತ್ತೇನೆ? ಟಯರು, ಬ್ರೇಕ್ ಲೈನರ್, ಕ್ಲಚ್ ಪ್ಲೇಟು, ಸ್ಪ್ರಿಂಗ್ ಪ್ಲೇಟು ಎಲ್ಲ ಬೇಗ ಸವೆಯುವುದಿಲ್ಲ. ಹೆಜಮಾಡಿಯಿಂದ ಶುರುವಾಗಿ ಸಾಸ್ತಾನ, ಶಿರೂರು ಅಂತ ಸಾಲಾಗಿ ಬರುವ ಟೋಲ್ ಇಲ್ಲ. (ಸುರತ್ಕಲ್‌ನಲ್ಲೇ ಒಂದು ಟೋಲ್ ಇತ್ತು. ಅದನ್ನು ತೆಗೆಸಲು ಊರಿನವರು ಎಷ್ಟು ದಿನ ಧರಣಿ ಕೂತರು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.) ಪನ್ವೇಲ್‌ನಿಂದ ಈಚೆಗೆ ಮುಂಬೈ–ಗೋವಾ ಹೆದ್ದಾರಿ ಅಗಲ ಮಾಡುವ ಕೆಲಸ 2011ರಲ್ಲಿ ಶುರುವಾಯಿತು. ಅಲ್ಲಿಂದ ಎಷ್ಟು ಮಳೆಗಾಲ ಆ ಹೊಂಡಗಳಲ್ಲಿ ನಮ್ಮ ಗಾಡಿಗಳು ಕುಣಿದಿವೆ! ಹಂಚು ತುಂಬಿದಾಗ ಇದು ನೇರ ದುಡ್ಡಿನ ಮಾತು. ರಸ್ತೆಯಲ್ಲಿ ಹೋದ ಹಂಚಿನಲ್ಲಿ ಒಡಕು ಜಾಸ್ತಿ, ರೈಲಿನಲ್ಲಿ ಹೋದದ್ದರಲ್ಲಿ ಕಡಿಮೆ. ನನ್ನ ಪುಸ್ತಕದಲ್ಲಿ ಪ್ರತಿ ಟ್ರಿಪ್ಪಿನ ಒಡಕು ಬರೆದಿಟ್ಟಿದ್ದೇನೆ.

ಆದರೆ ನಿಜವಾದ ಕಾರಣ ಡ್ರೈವರು. ನನ್ನ ಹಿರಿಯ ಡ್ರೈವರ್ ಹಾನಗಲ್ ಕಡೆಯವರು, ನನ್ನ ಹತ್ತಿರ 11 ವರ್ಷದಿಂದ ಇದ್ದಾರೆ. ಈ ಕಾಲದಲ್ಲಿ ಒಬ್ಬ ಡ್ರೈವರ್ 11 ವರ್ಷ ಒಂದೇ ಕಡೆ ಇರುವುದು ಅಂದರೆ ಏನು ಅಂತ ಗಾಡಿ ಇಟ್ಟವರಿಗೆ ಗೊತ್ತು. ಒಮ್ಮೆ ಗಿರಾಕಿ ಕೊಡುವ ಬಾಡಿಗೆ ಕಡಿಮೆ ಇತ್ತು ಅಂತ ರಸ್ತೆಯಲ್ಲೇ ಹೋಗಿ ಅಂದೆ. ಅವರು ತಲೆ ತಗ್ಗಿಸಿ ಹೇಳಿದ್ದು: "ಅಣ್ಣಾರ, ಬಾಟಾದಾಗ ಸ್ವಲ್ಪ ಕಡಿಮಿ ಕೊಡ್ರಿ, ಆದ್ರ ರೈಲಿಗೆ ಹಾಕ್ರಿ. ಕಣ್ಣು ತುಂಬ ನಿದ್ದಿ ಆಕ್ಕತಿ." ಬಾಟಾ (ಡ್ರೈವರಿಗೆ ಕೊಡುವ ಭತ್ಯೆ) ಕಡಿಮೆ ಮಾಡಲಿಲ್ಲ ಅನ್ನಿ. ರಸ್ತೆಯಲ್ಲಿ ಹೋದರೆ ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಕಶೇಡಿ, ಪರಶುರಾಮ ಘಾಟಿಗಳಲ್ಲಿ ಕ್ಲಚ್ಚು ತುಳಿದು ತುಳಿದು ಕಾಲು ಊದಿಕೊಳ್ಳುತ್ತದೆ. ರೈಲಿನಲ್ಲಾದರೆ ಹೆಚ್ಚುಕಮ್ಮಿ ಒಂದು ಹಗಲು, ಒಂದು ರಾತ್ರಿ ಮಲಗಿಕೊಂಡೇ ಹೋಗಿ, ಇಳಿದ ತಕ್ಷಣ ತಾಜಾ ಆಗಿ ಭಿವಂಡಿ ಕಡೆಗೆ ಹೊರಡುತ್ತಾರೆ.

ಲೋಡಿಂಗ್ ಒಮ್ಮೆ ಕಣ್ಣಾರೆ ನೋಡಬೇಕು. ಕೊನೆಯ ವ್ಯಾಗನ್‌ಗೆ ರ‍್ಯಾಂಪ್ ಇರುತ್ತದೆ. ಲಾರಿ ಅಲ್ಲಿ ಹತ್ತಿ, ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಇಟ್ಟ ಕಬ್ಬಿಣದ ಪ್ಲೇಟು ದಾಟುತ್ತಾ ಮುಂದೆ ಹೋಗಬೇಕು. ವ್ಯಾಗನ್ ಅಗಲ, ಲಾರಿ ಅಗಲ ಹತ್ತಿರ ಹತ್ತಿರ ಒಂದೇ. ಎರಡೂ ಕನ್ನಡಿಯಲ್ಲಿ ನೋಡಿದರೆ ಟಯರಿನ ಆಚೆ ಬರೀ ಗಾಳಿ. ಕ್ಲೀನರ್ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಕೈ ಆಡಿಸುತ್ತಾನೆ, ಯಾರೂ ಜೋರಾಗಿ ಮಾತಾಡುವುದಿಲ್ಲ. ಪ್ಲೇಟಿನ ಮೇಲೆ ಚಕ್ರ ಬಂದಾಗ ಢಣ್ ಅನ್ನುವ ಶಬ್ದ ಒಂದೇ. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ಅಡೆ ಕೊಟ್ಟು, ಸರಪಳಿ ಬಿಗಿಯುತ್ತಾರೆ. ಹೊಸ ಡ್ರೈವರನ್ನು ಮೊದಲ ಸಲ ಒಬ್ಬನನ್ನೇ ಕಳಿಸಬೇಡಿ. ನಾನೇ ಮೊದಲ ಸಲ ಹತ್ತಿಸಿದಾಗ ಸ್ಟಿಯರಿಂಗ್ ಹಿಡಿದ ಕೈ ಬೆವತು ಜಾರುತ್ತಿತ್ತು.

ಇನ್ನು ನಾನೇ ಮಾಡಿದ ತಪ್ಪುಗಳು. ಮೊದಲನೆಯದು ಎತ್ತರ. ನಾರಿನ ಕಟ್ಟುಗಳು ಹಗುರ, ಹಾಗಾಗಿ ಆಸೆಗೆ ಬಿದ್ದು ಒಂದು ಸಾಲು ಮೇಲೆ ಪೇರಿಸಿದ್ದೆ. ಅಳತೆಯಲ್ಲಿ ಗಾಡಿ ಪಾಸಾಗಲಿಲ್ಲ. ಮೇಲೆ ಹೆಚ್ಚಾಗಿದ್ದು ಟರ್ಪಾಲಿನ ಉಬ್ಬು ಸೇರಿ ಬರೀ ಒಂದು ಗೇಣು. ಸುರಂಗಕ್ಕೆ ಗೇಣು ಅಂದರೆ ಗೇಣೇ. ಹಮಾಲರನ್ನು ಹುಡುಕಿ, ಆ ಸಾಲು ಇಳಿಸಿ, ಬೇರೆ ಪಿಕಪ್ ಬಾಡಿಗೆ ಹಿಡಿದು, ಆ ಟ್ರಿಪ್ಪಿನ ಲಾಭವೆಲ್ಲ ಅಲ್ಲೇ ಹೋಯಿತು. ಈ ದಾರಿಗೆ ಪೂರ್ತಿ ಕರೆಂಟು ಬಂದದ್ದು 2022ರಲ್ಲಿ. ಈಗ ತಲೆ ಮೇಲೆ 25,000 ವೋಲ್ಟಿನ ತಂತಿ ಇದೆ. ದಾರಿಯಲ್ಲಿ ಟರ್ಪಾಲು ಸಡಿಲ ಆಯಿತು ಅಂತ ಯಾರೂ ಲೋಡಿನ ಮೇಲೆ ಹತ್ತುವ ಹಾಗಿಲ್ಲ. ಮನೆಯಲ್ಲೇ ಬಿಗಿಯಾಗಿ ಕಟ್ಟಿ ಹೊರಡಬೇಕು.

ಎರಡನೆಯದು ಬ್ಯಾಟರಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹೊಸ ಕ್ಲೀನರ್ ಹುಡುಗ ರಾತ್ರಿಯಿಡೀ ಕ್ಯಾಬಿನ್ ಫ್ಯಾನು, ಹಾಡು, ಮೊಬೈಲ್ ಚಾರ್ಜಿಂಗ್ ಎಲ್ಲ ಹಾಕಿಕೊಂಡು ಮಲಗಿದ್ದ. ಎಂಜಿನ್ ಓಡುವುದಿಲ್ಲವಲ್ಲ, ಬ್ಯಾಟರಿ ತುಂಬುವುದು ಹೇಗೆ? ಕೋಲಾಡ್‌ನಲ್ಲಿ ಕೀ ತಿರುಗಿಸಿದರೆ ಟಿಕ್ ಟಿಕ್ ಅಷ್ಟೇ. ನಮ್ಮ ಗಾಡಿ ಹಿಂದೆ ಸಾಲಾಗಿ ಲಾರಿಗಳು ನಿಂತಿವೆ. ವ್ಯಾಗನ್ ಮೇಲೆ ತಳ್ಳಿ ಸ್ಟಾರ್ಟ್ ಮಾಡಲು ಜಾಗ ಎಲ್ಲಿ? ಪಕ್ಕದಲ್ಲಿ ಇನ್ನೊಂದು ಗಾಡಿ ತಂದು ನಿಲ್ಲಿಸಲೂ ಆಗುವುದಿಲ್ಲ. ಹಾರ್ನುಗಳ ಜೊತೆ ಮರಾಠಿ, ಮಲಯಾಳ, ತುಳು ಮೂರೂ ಭಾಷೆಯಲ್ಲಿ ಬೈಗುಳ. ಕೊನೆಗೆ ಹಿಂದಿನ ಗಾಡಿಯವರು ಉದ್ದದ ಕೇಬಲ್ ಎಳೆದು ಕರೆಂಟು ಕೊಟ್ಟರು. ಅವತ್ತಿನಿಂದ ನಮ್ಮ ಮೂರೂ ಗಾಡಿಯಲ್ಲಿ ಕೇಬಲ್ ಇದೆ. ಫ್ಯಾನಿಗೆ ಬೇರೆ ಸಣ್ಣ ಬ್ಯಾಟರಿ ಹಾಕಿಸಿದ್ದೇನೆ.

ಗಿರಾಕಿಗಳಿಗೆ ಮೊದಲೇ ಹೇಳಿಡಿ. ಒಬ್ಬ ಗಿರಾಕಿಯ ಆಫೀಸಿನಿಂದ ರಾತ್ರಿ ಎರಡು ಗಂಟೆಗೆ ನನಗೆ ಫೋನು ಬಂತು. ಅವರ ಜಿಪಿಎಸ್ ಪರದೆಯಲ್ಲಿ ಗಾಡಿಯ ಎಂಜಿನ್ ಆಫ್ ಇದೆ, ಆದರೆ ಗಾಡಿ 60ರ ವೇಗದಲ್ಲಿ ಓಡುತ್ತಿದೆ, ಅದೂ ರಸ್ತೆಯೇ ಇಲ್ಲದ ಕಡೆ! ಯಾರೋ ಎಳೆದುಕೊಂಡು ಹೋಗುತ್ತಿದ್ದಾರೆ ಅಂತ ಅವರಿಗೆ ಗಾಬರಿ. ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಆಮೇಲೆ ಕರಬುಡೆ ಸುರಂಗಕ್ಕೆ ಹೋದಾಗ ಸಿಗ್ನಲ್ಲೂ ಮಾಯ. ಆರೂವರೆ ಕಿಲೋಮೀಟರ್ ಸುರಂಗ ಅದು. ಮತ್ತೆ ಫೋನು. ತಲುಪಿದ್ದು ಒಂದು ದಿನ ತಡ ಅಂತ ಬಾಡಿಗೆಯಲ್ಲಿ ದುಡ್ಡು ಹಿಡಿದರು, ಅದು ಬೇರೆ ಮಾತು. ಈಗ ಲೋಡು ಒಪ್ಪಿಕೊಳ್ಳುವಾಗಲೇ ರೈಲಿನಲ್ಲಿ ಹೋಗುತ್ತದೆ ಅಂತ ಬರೆಸಿಕೊಳ್ಳುತ್ತೇನೆ. ಒಪ್ಪದವರ ಲೋಡು ರಸ್ತೆಗೆ.

ತಡ ಆಗುವುದು ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೊಂಕಣದ ದಾರಿ ಬಹುತೇಕ ಸಿಂಗಲ್ ಲೈನು. ರೋಹಾದಿಂದ ವೀರ್‌ವರೆಗಿನ 46 ಕಿ.ಮೀ. ಮಾತ್ರ 2021ರಲ್ಲಿ ಡಬಲ್ ಆಯಿತು. ಎದುರಿಂದ ಪ್ಯಾಸೆಂಜರ್ ಗಾಡಿ ಬಂದರೆ ನಮ್ಮದು ಬದಿಯ ಲೈನಿನಲ್ಲಿ ಕಾಯಬೇಕು. ಮಳೆಗಾಲದಲ್ಲಿ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ. ಹಂಚಿಗೆ ಇದರಿಂದ ಏನೂ ಆಗುವುದಿಲ್ಲ. ಈರುಳ್ಳಿಗೆ ಆಗುತ್ತದೆ. ಜೂನ್‌ನಲ್ಲಿ ಒಮ್ಮೆ ಟರ್ಪಾಲಿನ ಕೆಳಗೆ ಸೆಕೆಗೆ ಬೆವತ ಮೂಟೆಗಳ ವಾಸನೆ ಗಾಡಿಯಿಂದ ಹೋಗಲು ಹದಿನೈದು ದಿನ ಬೇಕಾಯಿತು. ಆಮೇಲೆ ಮಳೆಗಾಲದಲ್ಲಿ ಈರುಳ್ಳಿಯನ್ನು ರೈಲಿಗೆ ಹಾಕಿಲ್ಲ.

ಮಳೆಗಾಲ ಅಂದಾಗ 2024ರ ಜುಲೈ ನೆನಪಿಗೆ ಬರುತ್ತದೆ. 9ಕ್ಕೆ ಗೋವಾದ ಪೆಡ್ನೆ ಸುರಂಗದಲ್ಲಿ ನೀರು ಉಕ್ಕಿ ರೈಲು ನಿಂತಿತು. 14ಕ್ಕೆ ರತ್ನಾಗಿರಿ ಜಿಲ್ಲೆಯ ಖೇಡ್ ಹತ್ತಿರ ಹಳಿ ಮೇಲೆ ಮಣ್ಣು ಬಿತ್ತು. ನನ್ನ ಒಂದು ಗಾಡಿ ಸುರತ್ಕಲ್‌ನಲ್ಲಿ ಲೋಡಾಗಿ ನಿಂತಿತ್ತು. ಕಾದದ್ದು ಸಾಕು, ರಸ್ತೆಯಲ್ಲೇ ಕಳಿಸೋಣ ಅಂತ 15ರ ಸಂಜೆ ಯೋಚಿಸಿದ್ದೆ. ಮಳೆ ಜೋರಿತ್ತು, ಬೆಳಗ್ಗೆ ನೋಡೋಣ ಅಂತ ಸುಮ್ಮನಾದೆ. 16ರ ಬೆಳಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು. ಲಾರಿಯವರು ಚಹಾಕ್ಕೆ ನಿಲ್ಲಿಸುವ ಜಾಗ ಅದು. (ಟೋಲ್ ಇರುವ ಶಿರೂರು ಬೈಂದೂರಿನದು, ಇದು ಬೇರೆ.) ಗಂಗಾವಳಿ ನದಿಗೆ ಬಿದ್ದ ಲಾರಿಯಿಂದ ಕೇರಳದ ಡ್ರೈವರ್ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಮ್ಮ ಹಾನಗಲ್‌ನವರು ಆ ಅಂಗಡಿಯಲ್ಲಿ ಎಷ್ಟು ಸಲ ಚಹಾ ಕುಡಿದಿದ್ದಾರೋ ಲೆಕ್ಕವಿಲ್ಲ. ಅವರ ಜೊತೆ ನಾನು ಆ ವಿಷಯ ಜಾಸ್ತಿ ಮಾತಾಡಿಲ್ಲ, ಅವರೂ ಎತ್ತಿಲ್ಲ.

ಬೇರೆ ಕಡೆ ಇದೆಯಾ ಅಂತ ಕೇಳುವವರಿಗೆ: 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಹತ್ತಿರದ ಬಾಳೆಗೆ 682 ಕಿ.ಮೀ. ರೋ-ರೋ ಬಿಟ್ಟಿದ್ದರು. ನಾನು ಆ ದಾರಿಯಲ್ಲಿ ಗಾಡಿ ಹಾಕಿಲ್ಲ, ಹಾಗಾಗಿ ಏನೂ ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಕೋಲಾಡ್–ವೆರ್ಣಾ ಮಧ್ಯೆ ಕಾರುಗಳಿಗೂ ಶುರುವಾಯಿತು. ಅದರಲ್ಲಿ ಕಾರಿನೊಳಗೆ ಕೂರುವ ಹಾಗಿಲ್ಲ, ಜನರಿಗೆ ಬೇರೆ ಬೋಗಿ.

ಒಟ್ಟಾರೆ ಈ ಸೇವೆಗೆ 5ಕ್ಕೆ 4 ಅಂಕ ಕೊಡುತ್ತೇನೆ. ಅರ್ಜೆಂಟ್ ಲೋಡು, ಕೊಳೆಯುವ ಲೋಡು, ತುಂಬ ಎತ್ತರದ ಲೋಡು ಇದ್ದವರು ಬರಬೇಡಿ. ಒಬ್ಬನೇ ಡ್ರೈವರ್ ಇರುವ ಗಾಡಿ, ಭಾರದ ಲೋಡು, ಒಂದು ದಿನ ಹೆಚ್ಚುಕಮ್ಮಿ ಆದರೂ ಕಿರಿಕಿರಿ ಮಾಡದ ಗಿರಾಕಿ ಇದ್ದರೆ ಕಣ್ಣು ಮುಚ್ಚಿ ಹಾಕಿ. ಊಟ ಮಾತ್ರ ಕಟ್ಟಿಕೊಂಡೇ ಹತ್ತಿಸಿ, ರೈಲು ನಿಲ್ಲುವುದು ಹೋಟೆಲ್ ಇರುವ ಕಡೆ ಅಲ್ಲ. ನಮ್ಮ ಹಿರಿಯ ಡ್ರೈವರ್ ಊರಿನಿಂದ ತಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, 20 ಲೀಟರ್ ನೀರಿನ ಕ್ಯಾನು ಎರಡು ಇಟ್ಟುಕೊಂಡೇ ಹೊರಡುತ್ತಾರೆ. ಅಕ್ಕಪಕ್ಕದ ವ್ಯಾಗನ್‌ನ ಕೇರಳದವರು ಆ ರೊಟ್ಟಿಗೇ ಕಾಯುತ್ತಾರಂತೆ.