ಲ್ಯಾಬಿನ ‘ಫೀವರ್ ಪ್ಯಾಕೇಜ್’: ಗುಳೆಯಿಂದ ಮರಳಿದವರ ಜ್ವರಕ್ಕೆ ಇದು ಸಾಲದು

ಬಳ್ಳಾರಿ, ರಾಯಚೂರು, ಕೊಪ್ಪಳದ ಲ್ಯಾಬುಗಳಲ್ಲಿ ‘ಫೀವರ್ ಪ್ಯಾಕೇಜ್’ ಕೇಳಿದರೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಪರೀಕ್ಷೆ: ಸಿಬಿಸಿ (ರಕ್ತಕಣಗಳ ಎಣಿಕೆ), ಮಲೇರಿಯಾ, ಡೆಂಗಿ, ವಿಡಾಲ್ (ಟೈಫಾಯ್ಡ್‌ಗೆ ಮಾಡುವ ರಕ್ತಪರೀಕ್ಷೆ). ಊರಲ್ಲೇ ಇದ್ದು ಜ್ವರ ಬಂದವರಿಗೆ ಶುರುವಿಗೆ ಅಡ್ಡಿಯಿಲ್ಲ. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಕ್ಕೋ, ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲಿಕ್ಕೋ ಗುಳೆ ಹೋಗಿ ಬಂದವರಿಗೆ ಬೇಕಾದ ಪರೀಕ್ಷೆಯೇ ಇದರಲ್ಲಿಲ್ಲ. ನುಸಿ (ಮೈಟ್), ಉಣ್ಣಿ, ಚಿಗಟ ಹರಡುವ ರಿಕೆಟ್ಸಿಯಾ ಗುಂಪಿನ ಬ್ಯಾಕ್ಟೀರಿಯಾ ಜ್ವರಗಳು, ಅದರಲ್ಲೂ ಸ್ಕ್ರಬ್ ಟೈಫಸ್, ಈ ನಾಲ್ಕರಲ್ಲಿ ಯಾವುದಕ್ಕೂ ಸಿಗುವುದಿಲ್ಲ.

ಸಿಗದಿದ್ದರೆ ಅಷ್ಟೇ ಹೋಯಿತು ಎನ್ನಬಹುದಿತ್ತು. ತಪ್ಪು ದಾರಿ ತೋರಿಸುವುದೇ ದೊಡ್ಡ ತೊಂದರೆ. ಹಿಂದೆಂದೋ ಟೈಫಾಯ್ಡ್ ರೋಗಾಣು ತಗಲಿದವರಿಗೂ ವಿಡಾಲ್ ಪಾಸಿಟಿವ್ ಬರಬಹುದು. ಆ ಒಂದು ಚೀಟಿ ನೋಡಿ ಐದಾರು ದಿನ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್, ಮೇಲೆ ಸಲೈನ್ ಹಚ್ಚಿದರೂ ಸ್ಕ್ರಬ್ ಟೈಫಸ್ ಇಳಿಯುವುದಿಲ್ಲ. ಈ ರೋಗಾಣು ನಮ್ಮ ಜೀವಕೋಶಗಳ ಒಳಗೆ ಸೇರಿ ಬೆಳೆಯುವಂಥದ್ದು, ಆ ಜಾತಿಯ ಔಷಧ ಇದಕ್ಕೆ ನಾಟುವುದಿಲ್ಲ. ಇತ್ತ ಸಿಬಿಸಿಯಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ ‘ಡೆಂಗಿ ಇರಬೇಕು’ ಎಂದು ಕಾಯುತ್ತಾರೆ. ಸ್ಕ್ರಬ್ ಟೈಫಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಜ್ವರ ಐದು ದಿನ ದಾಟಿ, ಪ್ಲೇಟ್‌ಲೆಟ್ ಕಡಿಮೆಯಾಗಿ, ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದ್ದರೆ ಈ ರೋಗವನ್ನು ನೆನೆಯಲೇಬೇಕು.

ಇಡೀ ಪ್ಯಾಕೇಜ್‌ಗಿಂತ ಬೆಲೆಬಾಳುವ ಪರೀಕ್ಷೆಗೆ ರೊಕ್ಕವೇ ಬೇಕಿಲ್ಲ. ಬಟ್ಟೆ ಸರಿಸಿ, ಒಳ್ಳೆಯ ಬೆಳಕಿನಲ್ಲಿ ಮೈ ಪೂರ್ತಿ ನೋಡುವುದು. ಸ್ಕ್ರಬ್ ಟೈಫಸ್ ತರುವುದು ಹುಲ್ಲು, ಪೊದೆಗಳಲ್ಲಿರುವ ನುಸಿಯ ಮರಿ; ಕಣ್ಣಿಗೆ ಕಾಣುವುದೇ ಕಷ್ಟ. ಅದು ಕಚ್ಚಿದ ಕಡೆ ಬೀಡಿ ತಾಗಿ ಸುಟ್ಟಂತೆ ಒಂದು ಕರಿ ಹಕ್ಕಳೆ ಕಟ್ಟುತ್ತದೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯೂ ಸಾಮಾನ್ಯವಾಗಿ ಇಲ್ಲ. ಹಾಗಾಗಿ ‘ಗಾಯ ಆಗಿದೆಯಾ’ ಎಂದು ಕೇಳಿದರೆ ರೋಗಿ ಇಲ್ಲವೆನ್ನುತ್ತಾನೆ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಕಿವಿಯ ಹಿಂದೆ, ಉಡಿದಾರ ಅಥವಾ ಲಂಗದ ಲಾಡಿ ಬಿಗಿಯುವ ಸೊಂಟ, ಇವೇ ಅದರ ಜಾಗ. ಬೆವರಿರುವ ಮಡಿಕೆಗಳಲ್ಲಿ ಹಕ್ಕಳೆ ಒಣಗದೆ ಬರೀ ಹಸಿ ಹುಣ್ಣಿನಂತೆ ಕಾಣುವುದೂ ಉಂಟು. ಪಕ್ಕದಲ್ಲಿ ಗಡ್ಡೆ ಊದಿದ್ದರೆ ಅದೇ ಸುಳಿವು. ಹಕ್ಕಳೆ ಎಲ್ಲರಿಗೂ ಇರುವುದಿಲ್ಲ. ಕಾಣಲಿಲ್ಲವೆಂದು ರೋಗವನ್ನು ತಳ್ಳಿಹಾಕುವಂತಿಲ್ಲ.

ಇನ್ನು ಪ್ಯಾಕೇಜ್ ಜೊತೆ ಬೇರೆಯಾಗಿ ಕೇಳಿ ಮಾಡಿಸಬೇಕಾದವು.

ವೈಲ್-ಫೆಲಿಕ್ಸ್ ಎಂಬ ರಕ್ತಪರೀಕ್ಷೆ 1916ರಷ್ಟು ಹಳೆಯದು. ರೋಗಾಣುವನ್ನೇ ಬಳಸದೆ ಪ್ರೋಟಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದ ಜೊತೆ ರಕ್ತದ ಪ್ರತಿಕಾಯ (ಸೋಂಕಿನ ವಿರುದ್ಧ ಮೈ ಹುಟ್ಟಿಸುವ ವಸ್ತು) ಗಂಟುಕಟ್ಟುತ್ತದೆಯೇ ಎಂದು ನೋಡುವ ವಿಧಾನ. ಇದರಲ್ಲಿ ಬಳಸುವ ಪ್ರೋಟಿಯಸ್ ತಳಿಗಳ ಹೆಸರು ಒಎಕ್ಸ್‌ಕೆ, ಒಎಕ್ಸ್19, ಒಎಕ್ಸ್2; ಯಾವುದರ ಜೊತೆಗಿನ ಪ್ರತಿಕಾಯದ ಮಟ್ಟ ಏರಿದೆ ಎಂಬುದೇ ಸುಳಿವು. ಒಎಕ್ಸ್‌ಕೆ ಏರಿದರೆ ಸ್ಕ್ರಬ್ ಟೈಫಸ್, ಒಎಕ್ಸ್19 ಮಾತ್ರ ಏರಿದರೆ ಇಲಿ ಚಿಗಟದಿಂದ ಬರುವ ಟೈಫಸ್, ಒಎಕ್ಸ್2 ಮತ್ತು 19 ಏರಿದರೆ ನಾಯಿ ಉಣ್ಣಿಯಂಥವುಗಳಿಂದ ಬರುವ ಗುಳ್ಳೆ ಜ್ವರ ಎಂಬ ಅಂದಾಜು. ಬಹಳ ರೋಗಿಗಳನ್ನು ಕೈಬಿಡುತ್ತದೆ, ಪ್ರೋಟಿಯಸ್‌ನಿಂದಲೇ ಮೂತ್ರದ ಸೋಂಕು ಇದ್ದರೆ ಸುಳ್ಳು ಪಾಸಿಟಿವ್ ಕೊಡುತ್ತದೆ. ಆದರೂ ಇದನ್ನು ಪೂರಾ ಬಿಡಿ ಎನ್ನಲಾಗದು, ಏಕೆಂದರೆ ಸ್ಕ್ರಬ್‌ನ ಎಲೈಸಾ ರಕ್ತಪರೀಕ್ಷೆ ಉಣ್ಣಿಯ ಈ ಗುಳ್ಳೆ ಜ್ವರವನ್ನು ಹಿಡಿಯುವುದಿಲ್ಲ. ಅಂಗೈ, ಅಂಗಾಲಿಗೂ ಕೆಂಪು ಗುಳ್ಳೆ ಬಂದಿದ್ದರೆ ಸ್ಕ್ರಬ್ ನೆಗೆಟಿವ್ ಚೀಟಿಯನ್ನು ನಂಬಿ ಕೂರಬೇಡಿ.

ರ‍್ಯಾಪಿಡ್ ಕಾರ್ಡ್ (ರಕ್ತ ಹಾಕಿದರೆ ಗೆರೆ ಮೂಡಿಸಿ ತೋರಿಸುವ ಪಟ್ಟಿ) ಬೇಗ ಆಗುತ್ತದೆ, ಆದರೆ ಅದನ್ನು ಇಡುವ ರೀತಿ ಮುಖ್ಯ. ಹೆಚ್ಚಿನ ಕಾರ್ಡುಗಳ ಪೊಟ್ಟಣದ ಮೇಲೆ 30 ಡಿಗ್ರಿ ಒಳಗೆ ಇಡಿ ಎಂದಿರುತ್ತದೆ. ಬೇಸಿಗೆಯಲ್ಲಿ 40 ದಾಟುವ ರಾಯಚೂರಿನಲ್ಲಿ ಎಸಿಯಿಲ್ಲದ ಕೋಣೆಯ ಕಪಾಟಿನಲ್ಲಿ ಬಿದ್ದಿದ್ದ ಕಾರ್ಡನ್ನು ಮಳೆ ಮುಗಿದ ಮೇಲೆ ತೆಗೆದು ಬಳಸಿದರೆ ಗೆರೆಯನ್ನು ನಂಬುವುದು ಹೇಗೆ? ಹೇಳಿದ ಹೊತ್ತು ಮೀರಿದ ಮೇಲೆ ಮೂಡಿದ ಮಸುಕು ಗೆರೆಯೂ ಲೆಕ್ಕಕ್ಕಿಲ್ಲ.

ಐಜಿಎಂ ಎಲೈಸಾ, ಅಂದರೆ ಸೋಂಕಿನ ಶುರುವಿನಲ್ಲಿ ಹುಟ್ಟುವ ಐಜಿಎಂ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ, ನಮ್ಮ ಮೊದಲ ಆಯ್ಕೆ. ಆದರೆ ಪ್ರತಿಕಾಯ ಹುಟ್ಟಲು ದಿನ ಬೇಕು. ಜ್ವರ ಬಂದ ಮೂರನೇ ದಿನ ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ಐದರಿಂದ ಏಳನೇ ದಿನದ ನಂತರದ ರಕ್ತ ನಂಬಿಕೆಗೆ ಅರ್ಹ. ಅದಕ್ಕೂ ಮೊದಲು ಖಚಿತ ಉತ್ತರ ಬೇಕೆಂದರೆ ರೋಗಾಣುವಿನ ಡಿಎನ್ಎಯನ್ನೇ ಹುಡುಕುವ ಪಿಸಿಆರ್, ಅದಕ್ಕೆ ಹಕ್ಕಳೆಯ ಚೂರೇ ಒಳ್ಳೆಯ ಮಾದರಿ. ಹಕ್ಕಳೆಯನ್ನು ಕಿತ್ತು ಬಿಸಾಡಬೇಡಿ, ಮುಲಾಮು ಸವರಬೇಡಿ.

ಚೀಟಿ ಬರುವತನಕ ಔಷಧ ತಡೆಹಿಡಿಯುವುದು ಸರಿಯಲ್ಲ. 2015ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯೂ ಅನುಮಾನ ಬಲವಾಗಿದ್ದರೆ ಕಾಯದೆ ಶುರುಮಾಡಿ ಎನ್ನುತ್ತದೆ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಕನಿಷ್ಠ ಏಳು ದಿನ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ 500 ಮಿಲಿಗ್ರಾಂ ದಿನಕ್ಕೆ ಒಂದು ಸಲ, ಐದು ದಿನ. ಮಕ್ಕಳಿಗೆ ತೂಕ ನೋಡಿ ವೈದ್ಯರೇ ಅಳತೆ ಹಾಕಬೇಕು. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಊಟವಾದ ಮೇಲೆ ಒಂದು ತುಂಬಿದ ಲೋಟ ನೀರಿನ ಜೊತೆ ಕುಳಿತೇ ನುಂಗಬೇಕು, ಅರ್ಧ ಗಂಟೆ ಮಲಗಬಾರದು. ಗುಳಿಗೆ ಅನ್ನನಾಳದಲ್ಲಿ ಅಂಟಿದರೆ ಅಲ್ಲೇ ಹುಣ್ಣಾಗುತ್ತದೆ. ಕಬ್ಬಿಣದ ಗುಳಿಗೆ, ಆ್ಯಸಿಡಿಟಿ ಔಷಧ ಅದರ ಜೊತೆಗೇ ಬೇಡ. ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಮತ್ತೊಮ್ಮೆ ಮೊದಲಿಂದ ಯೋಚಿಸಬೇಕು. ಶಿವಮೊಗ್ಗ ಕಡೆಯ ಕಾಡಿನಿಂದ ಬಂದವರಾದರೆ ಮಂಗನ ಕಾಯಿಲೆಯ ಮಾತನ್ನೂ ವೈದ್ಯರ ಕಿವಿಗೆ ಹಾಕಿ. ಅದು ವೈರಸ್, ಡಾಕ್ಸಿ ಅದಕ್ಕೆ ಕೆಲಸ ಮಾಡುವುದಿಲ್ಲ. ಏದುಸಿರು, ಮಾತು ತೊದಲುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಗುಳಿಗೆಯ ಮಾತು ಬಿಟ್ಟು ಐಸಿಯು ಇರುವ ಆಸ್ಪತ್ರೆಗೆ ಹೋಗಬೇಕು.

ಪ್ಯಾಕೇಜ್‌ನ ಇನ್ನೊಂದು ಕೊರತೆ ರಕ್ತ ಕೊಡುವಾಗ ತುಂಬುವ ಚೀಟಿಯದು. ಹೆಸರು, ವಯಸ್ಸಿಗೆ ಜಾಗವಿದೆ, ಎಲ್ಲಿಂದ ಬಂದರು ಎಂಬುದಕ್ಕೆ ಇಲ್ಲ. ನುಸಿ ಕಚ್ಚಿದ ಮೇಲೆ ಜ್ವರ ಬರಲು 6ರಿಂದ 21 ದಿನ ಹಿಡಿಯುತ್ತದೆ. ಬಸ್ಸಿಳಿದು ಮನೆ ಸೇರಿ, ಊರಿನ ಕೆಲಸಕ್ಕೆ ಹತ್ತಿದ ಮೇಲೆ ಜ್ವರ ಬಂದರೆ ಕಾಫಿ ತೋಟ ಯಾರಿಗೂ ನೆನಪಾಗುವುದಿಲ್ಲ. ಹಾಗೆಂದು ಊರು ಬಿಡದವರಿಗೆ ಬರುವುದೇ ಇಲ್ಲವೆಂದಲ್ಲ, ಹುಲ್ಲು ಬೆಳೆದ ಬದು, ಇಲಿಗಳು ಇರುವ ಕಡೆ ನುಸಿಯೂ ಇರಬಹುದು. ರಕ್ತ ಕೊಡುವ ಮುಂಚೆ ಚೀಟಿಯ ಮೇಲೆ ಕೈಬರಹದಲ್ಲೇ ಬರೆಸಿ: ‘ಜ್ವರದ 6ನೇ ದಿನ, 12 ದಿನದ ಹಿಂದೆ ಕಾಫಿ ತೋಟದಿಂದ ವಾಪಸ್, ಎಡ ಕಂಕುಳಲ್ಲಿ ಕರಿ ಹಕ್ಕಳೆ, ಸ್ಕ್ರಬ್ ಐಜಿಎಂ ಬೇಕು.’